ಹದಿನಾರನೆಯ ಫಾರಂ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅವನು ಸತ್ತ. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ನನಗೆ ಫೋನು ಮಾಡಿದವರು ಅವನ ಅಣ್ಣ. "ಗುಬ್ಬಿ ಹೋಗ್ಬಿಟ್ಟ," ಎಂದರು, ಅಷ್ಟೇ. ಆಗ ನನ್ನ ಕೈಯಲ್ಲಿ ಅಂಟಿನ ಕುಂಚವಿತ್ತು. ಅದನ್ನು ಎಲ್ಲಿಟ್ಟೆನೋ, ಈವರೆಗೂ ಸಿಕ್ಕಿಲ್ಲ.

ಗುಬ್ಬಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅದಕ್ಕೆ ನಾಲ್ಕು ದಿನ ಮುಂಚೆ. ಆದರೆ ಕೇಳಿದ ಕ್ಷಣವೇ, ಇಪ್ಪತ್ತು ವರ್ಷ ನೋಡುತ್ತ ಬಂದ ನಡಿಗೆಗೆ ಸರಿಯಾದ ಹೆಸರು ಸಿಕ್ಕಿದಂತಾಗಿತ್ತು. ಅವನು ನಮ್ಮಂತೆ ನಡೆಯುತ್ತಿರಲಿಲ್ಲ. ನಾಲ್ಕು ಹೆಜ್ಜೆ ಚುರುಕಾಗಿ ಹಾಕಿ, ಗಕ್ಕನೆ ನಿಂತು, ಕತ್ತು ಓರೆಮಾಡಿ, ದಾರಿಯಲ್ಲಿ ಯಾರೋ ಕಾಳು ಚೆಲ್ಲಿದ್ದಾರೆಯೋ ಎಂಬಂತೆ ನೆಲ ನೋಡಿ, ಮತ್ತೆ ನಾಲ್ಕು ಹೆಜ್ಜೆ ಕುಪ್ಪಳಿಸುತ್ತಿದ್ದ. ಜೊತೆಗೆ ಹೊರಟವರು ಹತ್ತು ಮಾರು ಮುಂದೆ ಹೋದ ಮೇಲೆ, ಇಷ್ಟು ಹೊತ್ತು ತಾವು ಗಾಳಿಯೊಡನೆ ಮಾತಾಡುತ್ತಿದ್ದುದು ಗೊತ್ತಾಗಿ ಹಿಂತಿರುಗಿ ನೋಡಬೇಕಾಗುತ್ತಿತ್ತು.

ಅವನು ಪಾರ್ಸೆಲ್ ಕಚೇರಿಯಲ್ಲಿ ತೂಕದ ಗುಮಾಸ್ತ. ನಾನು ಅದರ ಪಕ್ಕದ ಗಲ್ಲಿಯಲ್ಲಿ ಪುಸ್ತಕ ಕಟ್ಟುವವನು. ಕಟ್ಟುವುದನ್ನೆಲ್ಲ ಓದುವ ಚಾಳಿಯಿರುವವನು. ಬೇರೆ ಊರಿನಿಂದ ವರ್ಗವಾಗಿ ಬಂದ ಮೊದಲ ವಾರವೇ ಮಧ್ಯಾಹ್ನದ ಬಿಡುವಿನಲ್ಲಿ ನನ್ನಲ್ಲಿಗೆ ಬಂದು, ರಟ್ಟು ಕತ್ತರಿಸುವ ಮೇಜಿನ ಒಂದು ಮೂಲೆ ತೋರಿಸಿ, "ಇಲ್ಲಿ ಕೂತ್ಕೊಂಡ್ರೆ ನಿಮ್ಗೇನಾದ್ರೂ ಅಡ್ಡೀನಾ?" ಎಂದು ಕೇಳಿದ. ಕೂತ. ಇಪ್ಪತ್ತು ವರ್ಷ ಏಳಲಿಲ್ಲ. ಮೂರು ಕಥಾಸಂಕಲನ, ಒಂದು ಕಾದಂಬರಿ ಆ ಮೂಲೆಯಲ್ಲಿ, ರದ್ದಾದ ಪಾರ್ಸೆಲ್ ಚೀಟಿಗಳ ಬೆನ್ನ ಮೇಲೆ ಬರೆಯಲ್ಪಟ್ಟವು.

ಮೈಮೇಲೆ ಸದಾ ಒಂದು ಕೋಟು. ಒಂದಾನೊಂದು ಕಾಲದಲ್ಲಿ ಅದು ಕಂದು ಬಣ್ಣದ್ದಾಗಿದ್ದಿರಬೇಕು. ಭುಜದಲ್ಲಿ ಎರಡು ಬೆರಳು ಸಡಿಲ. ಒಳಗಿರುವ ಮನುಷ್ಯ ಇನ್ನೂ ಪೂರ್ತಿ ಬಂದು ತಲುಪಿಲ್ಲವೇನೋ ಎನಿಸುವಂತೆ. ಬಿರುಬೇಸಗೆಯಲ್ಲೂ ಅದನ್ನು ಕಳಚುತ್ತಿರಲಿಲ್ಲ. "ಮಾರಾಯ, ನೋಡಿದ್ರೆ ನಮಗೇ ಬೆವರು ಬರತ್ತೆ, ಬಿಚ್ಚಿಡು," ಎಂದರೆ, "ಗೊತ್ತಿರೋರು ಹೊಲಿದದ್ದು" ಎಂದಷ್ಟೇ ಹೇಳಿ ಗುಂಡಿ ಹಾಕಿಕೊಳ್ಳುತ್ತಿದ್ದ. ಯಾರು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದನ್ನೇ ಸ್ನೇಹವೆಂದು ತಿಳಿದವರು ನಾವು.

ಇನ್ನೊಂದು ಅವನ ಮಾತು. ಏನೇ ಹೇಳಲಿ, ಹೇಳಿ ಮುಗಿಸಿ, "ಇದು ಕರಡು" ಎಂದು ಸೇರಿಸುತ್ತಿದ್ದ. ಬೈದರೂ ಕರಡು, ಹೊಗಳಿದರೂ ಕರಡು. ನನ್ನ ಮಗಳ ಮದುವೆಗೆ ಬಂದು, ಗಂಡು ಹೆಣ್ಣಿನ ತಲೆ ಮುಟ್ಟಿ, "ನೂರು ವರ್ಷ ಸುಖವಾಗಿರಿ" ಎಂದು ಹರಸಿ, ಒಂದು ಕ್ಷಣ ಯೋಚಿಸಿ, "ಇದು ಕರಡು" ಎಂದ. ಬೀಗರು ನನ್ನ ಮುಖ ನೋಡಿದರು. ಆ ಬೀಗಿತ್ತಿ ಇವತ್ತಿಗೂ, "ನಿಮ್ಮ ಸ್ನೇಹಿತ್ರು ಆಶೀರ್ವಾದಾನ ಪಕ್ಕಾ ಮಾಡಿದ್ರಾ ಇಲ್ವಾ?" ಎಂದು ಕೇಳುತ್ತಾರೆ.

ಮುದ್ರಣಾಲಯದ ಯಜಮಾನರಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ತಿದ್ದಲು ಕೊಟ್ಟ ಹಾಳೆಯನ್ನು ಅವನು ವಾಪಸು ಕೊಡುತ್ತಿರಲಿಲ್ಲ. ಒಂದು ಅಲ್ಪವಿರಾಮಕ್ಕೆ ಮೂರು ದಿನ. ಅದನ್ನು ತೆಗೆಯುವುದಕ್ಕೆ ನಾಲ್ಕು ದಿನ. ಬೇರೆಯವರು ಒಂದಕ್ಷರ ಮುಟ್ಟಿದರೆ ಮಾತ್ರ ಮುಖ ಕಪ್ಪಿಡುತ್ತಿತ್ತು. "ಇವರ ಕರಡು ವಾಪಸ್ ಬರೋದಕ್ಕಿಂತ ಸತ್ತೋರು ವಾಪಸ್ ಬರೋದು ಬೇಗ," ಎಂದು ಯಜಮಾನರು ನನ್ನೆದುರಿಗೇ ಹೇಳಿದ್ದರು. ನಾನು ನಕ್ಕಿದ್ದೆ.

ನಾಲ್ಕು ವರ್ಷದ ಹಿಂದೆ ಆ ಕಾದಂಬರಿ ಅಚ್ಚಾಯಿತು. ಕಥೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಟೈಲರ್, ಶಾಲೆ ಬಿಟ್ಟು ಹೊಲಿಗೆ ಹಿಡಿದು ತಮ್ಮನನ್ನು ಓದಿಸುತ್ತಾನೆ. ತಮ್ಮ ಬರಹಗಾರನಾಗಿ, ಅಣ್ಣನನ್ನೇ ಇಟ್ಟುಕೊಂಡು ಒಂದು ಹಾಸ್ಯದ ಕಥೆ ಬರೆಯುತ್ತಾನೆ. ಊರೆಲ್ಲ ಓದಿ, ಅಂಗಡಿಯ ಮುಂದೆ ನಿಂತು ನಗುತ್ತದೆ. ಒಂದು ಸಂಜೆ ತಮ್ಮನ ಮನೆಯಲ್ಲಿ ನಾಲ್ಕು ಜನ ಸಾಹಿತಿಗಳು ಸೇರಿದ್ದಾಗ ಅಣ್ಣ ಬಂದು ಬಾಗಿಲು ಬಡಿದು ಕರೆಯುತ್ತಾನೆ. ತಮ್ಮ ಎದ್ದು ಬಂದು ಚಿಲಕದ ಮೇಲೆ ಕೈಯಿಡುತ್ತಾನೆ. ಅಲ್ಲಿಗೆ ಇನ್ನೂರ ನಲವತ್ತು ಪುಟ.

ದೊಡ್ಡದೊಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟವಾಗುತ್ತದೆ; ಅದಕ್ಕೆ ನಮ್ಮ ಕಸುಬಿನಲ್ಲಿ ಫಾರಂ ಎನ್ನುತ್ತೇವೆ. ಕಾದಂಬರಿಯ ಹದಿನೈದು ಫಾರಂಗಳು ನನ್ನ ಕೈಗೆ ಬಂದವು. ಹದಿನಾರನೆಯದರ ಕರಡನ್ನು ಅವನು ಒಂಬತ್ತು ದಿನ ಮನೆಯಲ್ಲಿಟ್ಟುಕೊಂಡ. ಹೀಗೆ ತಡಮಾಡುತ್ತಲೇ ಇನ್ನೊಂದು ಹಟ ಹಿಡಿದ: ಮೊದಲ ಅರವತ್ತು ಪ್ರತಿ ಮೂರು ಗಂಟೆ ದೂರದ ಒಂದೂರಿನ ಓದುಗರ ಬಳಗಕ್ಕೇ ಹೋಗಬೇಕು, ಬೇರೆಲ್ಲಿಗೂ ಅಲ್ಲ. ಅಲ್ಲಿ ಯಾರಿದ್ದಾರೆ ಎಂದರೆ, "ಓದೋರಿದಾರೆ" ಎಂದ. ಹೊತ್ತು ಉಳಿಯಲಿ ಎಂದು ನಾನು ಆ ಅರವತ್ತನ್ನು ಹದಿನೈದು ಫಾರಂಗೆ ಹೊಲಿದು, ಕೊನೆಯದಕ್ಕಾಗಿ ಕಾದು ನಿಲ್ಲಿಸಿದೆ. ಅಷ್ಟರಲ್ಲಿ ಜ್ವರ ಬಂತು. ಮೂರು ದಿನ ಮಲಗಿ ಎದ್ದು ಬಂದವನು, ಸಾಲಾಗಿ ನಿಂತಿದ್ದ ಅರವತ್ತನ್ನು ಕಂಡು, ಮುಗಿದವೆಂದೇ ಭಾವಿಸಿ, ಬೆನ್ನಿಗೆ ಅಂಟು ಹಚ್ಚಿ ರಟ್ಟು ಹಾಕಿ ಕಳಿಸಿಬಿಟ್ಟೆ. ಉಳಿದ ಪ್ರತಿಗಳನ್ನು ಕಟ್ಟುವಾಗ ಹದಿನಾರನೆಯ ಫಾರಂ ಅರವತ್ತು ಹೆಚ್ಚಾಗಿ ಉಳಿಯಿತು. ಮುದ್ರಣಾಲಯದವರು ಧಾರಾಳವಾಗಿ ಅಚ್ಚು ಹಾಕಿದ್ದಾರೆಂದುಕೊಂಡು ಅವನ್ನು ಬೇರೆ ಪುಸ್ತಕಗಳ ಬೆನ್ನಿಗೆ ಒಳಪಟ್ಟಿಯಾಗಿ ಅಂಟಿಸಿದೆ. ಇದನ್ನು ಬರೆಯದೆ ಅವನ ವಿಷಯ ಹೇಳಲು ಬರುವುದಿಲ್ಲ.

ಪುಸ್ತಕ ಹೋದ ಮೇಲೆ ಅವನಿಗೆ ಹೊಸದೊಂದು ಅಭ್ಯಾಸ ಹತ್ತಿತು. ಮಧ್ಯಾಹ್ನ ಬಂದವನೇ, "ಟಪಾಲು ಬಂತಾ?" ಎನ್ನುತ್ತಿದ್ದ. ಬಾಡಿಗೆ ಕೋಣೆಗಳನ್ನು ಆಗಾಗ ಬದಲಿಸುತ್ತಿದ್ದುದರಿಂದ ಅವನ ವಿಳಾಸ ನನ್ನ ಅಂಗಡಿಯದೇ. ಪತ್ರಗಳು ಬರುತ್ತಿದ್ದವು, ಕೊನೆಯ ಅಧ್ಯಾಯ ಜಗ್ಗಿದಂತಿದೆ ಎಂದು ಪಂಡಿತರೊಬ್ಬರು, ಕೊನೆಯಲ್ಲಿ ಅತ್ತುಬಿಟ್ಟೆ ಎಂದು ಗೃಹಿಣಿಯೊಬ್ಬರು. ಅವನು ಲಕೋಟೆಯ ಮೇಲಿನ ಅಕ್ಷರ ನೋಡಿ, ತೆರೆಯದೆಯೇ ಮೇಜಿನ ಮೇಲಿಡುತ್ತಿದ್ದ; ತೆರೆದು ಓದುತ್ತಿದ್ದವನು ನಾನು. ಹೊಗಳಿಕೆಯ ಹಸಿವು ಎಂದು ನಾನು ಚುಡಾಯಿಸುತ್ತಿದ್ದೆ. "ಎಷ್ಟು ಬಂದ್ರೂ ಸಾಲ್ದಲ್ಲಯ್ಯಾ ನಿನಗೆ?" ಅವನು ಕತ್ತು ಓರೆಮಾಡಿ ನಗುತ್ತಿದ್ದ. ನಾಲ್ಕು ವರ್ಷ ಹಾಗೆ ನಕ್ಕ.

ಕಳೆದ ತಿಂಗಳು ಆ ಬಳಗದಿಂದಲೇ ಆಹ್ವಾನ ಬಂತು: ಭಾನುವಾರ ಮಧ್ಯಾಹ್ನ ಚಹಾಕೂಟ, ನಿಮ್ಮ ಕಾದಂಬರಿಯನ್ನು ನಾವೆಲ್ಲ ಓದಿ ಮೆಚ್ಚಿದ್ದೇವೆ, ದಯಮಾಡಿ ಬರಬೇಕು. ಅದನ್ನು ಅವನು ಏಳೆಂಟು ಸಲ ಓದಿದ. "ನೀನೂ ಬಾ. ಒಬ್ನೇ ಹೋದ್ರೆ ಅರ್ಧ ದಾರೀಲಿ ಇಳಿದು ವಾಪಸ್ ಬಸ್ ಹತ್ತಿಬಿಡ್ತೀನಿ," ಎಂದ. ಮೂರು ಗಂಟೆಯ ದಾರಿಯಲ್ಲಿ ಎರಡೇ ಮಾತಾಡಿದ: ಕಿಟಕಿ ಮುಚ್ಚು, ಕಿಟಕಿ ತೆಗಿ.

ಚಹಾಕೂಟ ಗ್ರಂಥಾಲಯದ ಮಹಡಿಯ ಮೇಲೆ. ಸುಮಾರು ನಲವತ್ತು ಜನ, ಎಲ್ಲರೂ ಮನೆಯಿಂದಲೇ ಕಪ್ಪು ತಂದಿದ್ದರು. ಹಿಡಿ ಮುರಿದದ್ದು, ಹೂವಿನದ್ದು, ಒಬ್ಬರದು ಗಡ್ಡ ಬೋಳಿಸುವಾಗ ನೀರಿಡುವ ಲೋಟ. ಮೆಟ್ಟಿಲ ಬಳಿಯೇ ಅವನ ಕೈಕುಲುಕಿದ ಕ್ಷೌರದಂಗಡಿಯವನು, "ಸಾರ್, ನೀವು ಫೋಟೋದಲ್ಲಿ ಇದಕ್ಕಿಂತ ಎತ್ತರ ಇದೀರಿ," ಎಂದು ಸ್ವಾಗತಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಅವನ ಕಣ್ಣು ಸಾಲುಸಾಲಾಗಿ ಮುಖಗಳ ಮೇಲೆ ಹರಿಯುತ್ತಿತ್ತು. ಕೊನೆಯ ಸಾಲಿನಲ್ಲಿ, ಗೋಡೆಗೊರಗಿ, ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಿದ್ದ ದಪ್ಪ ಕನ್ನಡಕದ ಹಿರಿಯರೊಬ್ಬರ ಮೇಲೆ ಅದು ನಿಂತಿತು. ಅವರು ಇವನನ್ನು ನೋಡುತ್ತಿರಲಿಲ್ಲ. ಇವನ ಕೋಟನ್ನು ನೋಡುತ್ತಿದ್ದರು.

ಆ ಬಳಗದಲ್ಲೊಂದು ರೂಢಿ. ಅತಿಥಿ ಮೊದಲು ಮಾತಾಡುವಂತಿಲ್ಲ, ಚಹಾ ಸುರಿಯುವಂತಿಲ್ಲ. ಪುಸ್ತಕದ ಕೊನೆಯ ಪುಟವನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿದ ಮೇಲೆಯೇ ಕೆಟಲಿಗೆ ಕೈ ಹಚ್ಚುವುದು. "ಪೂರ್ತಿ ಓದಿದೀವಿ ಅನ್ನೋದಕ್ಕೆ ಸಾಕ್ಷಿ ಸಾರ್," ಎಂದು ಗ್ರಂಥಪಾಲಕಿ ವಿವರಿಸಿದರು. "ಮುನ್ನುಡಿ ಮಾತ್ರ ಓದ್ಕೊಂಡು ಬಂದು ಬಿಸ್ಕತ್ತು ತಿಂದು ಹೋಗೋರು ಜಾಸ್ತಿ ಆಗಿದ್ರು."

ನಲವತ್ತು ಕಂಠ ಒಟ್ಟಿಗೆ ಎದ್ದವು. ತಾನು ಬರೆದದ್ದನ್ನು ಹಾಗೆ ಕೇಳುವುದು ಯಾವ ಲೇಖಕನಿಗೂ ಸುಲಭವಲ್ಲ. ಅವನು ಎರಡೂ ಕೈ ಮೊಣಕಾಲಿನ ಮೇಲಿಟ್ಟು ತಲೆ ಬಗ್ಗಿಸಿ ಕೂತ. ಇದು ಕೊನೆಯ ಪುಟವಲ್ಲ, ಎಲ್ಲಿಂದಲೋ ಮುಂಚಿನಿಂದ ಶುರುಮಾಡಿದ್ದಾರೆ ಎಂದು ನನಗನ್ನಿಸಿತು. ಅವರು ಓದುತ್ತ ಹೋದರು. ಹೊರಗೆ ಅಣ್ಣ ಮೂರನೆಯ ಸಲ ಕರೆದ. ಒಳಗೆ ನಗು ನಿಂತಿತು. ತಮ್ಮ ಎದ್ದು ಬಂದು ಚಿಲಕದ ಮೇಲೆ ಕೈಯಿಟ್ಟ.

ನಲವತ್ತು ಪುಸ್ತಕಗಳು ಒಮ್ಮೆಗೇ ಮುಚ್ಚಿದವು.

ನನ್ನ ಪಕ್ಕದಲ್ಲಿ ಅವನು ಉಸಿರು ಹಿಡಿದು ಕಾದ. ಇವರು ದಣಿವಾರಿಸಿಕೊಳ್ಳುತ್ತಿದ್ದಾರೆ, ಮುಂದಿನ ವಾಕ್ಯ ಈಗ ಬರುತ್ತದೆ ಎಂದು. ಬಂದದ್ದು ಕೆಟಲಿನ ಸದ್ದು.

"ಮುಂದೆ?" ಎಂದ.

ಎಲ್ಲರೂ ನಕ್ಕರು. "ಅದನ್ನ ನಾವು ನಿಮ್ಮನ್ನ ಕೇಳ್ಬೇಕು ಸಾರ್!" ಎಂದಳು ನಿವೃತ್ತ ನರ್ಸಮ್ಮ. "ಅಲ್ಲಿಗೇ ನಿಲ್ಸಿದೀರಲ್ಲ, ಎಂಥ ಧೈರ್ಯ ನಿಮ್ದು! ಬೇರೆಯವ್ರಾಗಿದ್ರೆ ಬಾಗಿಲು ತೆಗ್ದು, ತಬ್ಬಿಕೊಂಡು, ಅಳಿಸಿ, ಎಲ್ಲಾ ಹಾಳು ಮಾಡಿರೋರು."

"ನಮ್ಮನೇಲಿ ಇದೇ ಜಗಳ," ಎಂದ ಕ್ಷೌರದಂಗಡಿಯವನು. "ತೆಗ್ದ ಅಂತಾಳೆ ನನ್ನ ಹೆಂಡ್ತಿ. ಎಲ್ಲಿ ತೆಗೀತಾನೆ, ಒಳಗೆ ದೊಡ್ಡ ಮನುಷ್ಯರು ಕೂತಿದಾರೆ ಅಂತೀನಿ ನಾನು. ಕೊನೆಗೆ ಬಳಗದಲ್ಲಿ ಓಟು ಹಾಕಿದ್ವಿ ಸಾರ್. ತೆಗ್ದ ಅನ್ನೋರು ಹದಿಮೂರು, ತೆಗೀಲಿಲ್ಲ ಅನ್ನೋರು ಇಪ್ಪತ್ತಾರು. ನಮ್ಮ ಟೈಲರ್ ಮಾತ್ರ ಓಟೇ ಹಾಕ್ಲಿಲ್ಲ. ಯಾಕೆ ಅಂದ್ರೆ, ನನಗೆ ಗೊತ್ತಿರೋದಕ್ಕೆ ಓಟು ಯಾಕೆ ಅಂದ್ರು. ನೋಡಿ ಜಂಬ!"

ಅವನು ಪಕ್ಕದವರ ಕೈಯಿಂದ ಪುಸ್ತಕ ತೆಗೆದುಕೊಂಡ. ಕೊನೆಯ ಪುಟದ ಅಂಕಿ ನೋಡಿದ. ಬೆನ್ನಿನ ಒಳಮಗ್ಗುಲಲ್ಲಿ ಹೆಬ್ಬೆರಳಾಡಿಸಿದ. ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇವತ್ತು ಸ್ವಲ್ಪ ಹಗುರವಾಗುತ್ತಿತ್ತು. ಅರವತ್ತು ಪ್ರತಿ, ಅರವತ್ತು ಹೆಚ್ಚಿನ ಫಾರಂ, ನಾಲ್ಕು ವರ್ಷದ "ಟಪಾಲು ಬಂತಾ", ಗೊತ್ತಿರುವವರು ಹೊಲಿದ ಕೋಟು, ಎಲ್ಲವೂ ಒಂದೇ ಏಟಿಗೆ ನನ್ನ ತಲೆಯೊಳಗೆ ಬಂದು ಬಿದ್ದವು. ಕ್ಷಮೆ ಕೇಳುವ ಹದಿನಾರು ಪುಟ ಬರೆದು, ಅದನ್ನು ಓದಿಯೂ ಅಣ್ಣ ಉತ್ತರಿಸಲಿಲ್ಲವೆಂದು ಇವನು ನಾಲ್ಕು ವರ್ಷ ನಂಬಿದ್ದ. ಮಾಡಿದ್ದನ್ನೂ ಮಾಡಿ, ಅದನ್ನೇ ಪುಸ್ತಕದಲ್ಲಿ ಅಚ್ಚುಹಾಕಿಸಿ ಮೆರೆದನೆಂದು ಅಣ್ಣ ನಂಬಿದ್ದರು.

ಕೊನೆಯ ಸಾಲಿನಿಂದ ಗಟ್ಟಿಯೂ ಅಲ್ಲದ, ಮೆಲ್ಲಗೂ ಅಲ್ಲದ ಧ್ವನಿ ಬಂತು. "ಅವ್ನು ತೆಗೀಲಿಲ್ಲ."

"ಇಗೋ, ಲೇಖಕರೇ ಇದಾರಲ್ಲ, ಅವ್ರನ್ನೇ ಕೇಳ್ಬಿಡೋಣ," ಎಂದರು ಗ್ರಂಥಪಾಲಕಿ ಉತ್ಸಾಹದಿಂದ.

ಅವನು ಎದ್ದು ನಿಂತ. ಅಚ್ಚಿನ ತಪ್ಪು, ಕಟ್ಟಿದವನ ತಪ್ಪು, ಇನ್ನೂ ಹದಿನಾರು ಪುಟ ಇದೆ, ಅದರಲ್ಲಿ ತೆಗೆಯುತ್ತಾನೆ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಅದಕ್ಕೇ ಕಾದಿದ್ದೆ.

"ಅವ್ರು ಹೇಳಿದ್ದು ಸರಿ," ಎಂದ. "ಕಾಲು ಗಂಟೆ ಅಣ್ಣ ಹೊರಗೆ ನಿಂತು ಕರೆದ. ನಾನು ಕೈ ಇಟ್ಕೊಂಡೇ ನಿಂತಿದ್ದೆ. ತೆಗೀಲಿಲ್ಲ."

ಅವನು "ನಾನು" ಎಂದದ್ದನ್ನು ಎಲ್ಲರೂ ಕೇಳಿದರು. ಕರಡು ಎಂದು ಅವನು ಸೇರಿಸಲಿಲ್ಲ. ಟೈಲರ್ ಕುರ್ಚಿಗಳ ನಡುವೆ ಮೆಲ್ಲಗೆ ನಡೆದು ಬಂದು ಅವನೆದುರು ನಿಂತರು. ಅವನ ಮುಖ ನೋಡಲಿಲ್ಲ. ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು.

"ಈ ತೋಳು ಬಿಚ್ಚಿ ಮತ್ತೆ ಹೊಲಿದ ಮಹಾನುಭಾವ ಯಾರು?"

"ಆಫೀಸ್ ಹತ್ರ ಒಬ್ಬ ಇದಾನೆ."

"ಕೈ ಕತ್ತರಿಸ್ಬೇಕು ಅವ್ನಿಗೆ. ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿದ್ದೆ ನಾನು. ಬೆಳೀತೀಯ ಅಂತ."

"ಬೆಳೀಲಿಲ್ಲ ಅಣ್ಣ."

"ಕಾಣ್ತಾ ಇದೆ. ಗುಬ್ಬಿ ಗುಬ್ಬೀನೇ." ಆಮೇಲೆ ತಮ್ಮ ಕಪ್ಪನ್ನು ಅವನ ಕೈಗಿಟ್ಟು, "ಕುಡಿ, ಆರಿಹೋಗತ್ತೆ," ಎಂದರು.

ಕ್ಷೌರದಂಗಡಿಯವನು ಬಾಯಿಗೆ ಕೈ ಮುಚ್ಚಿಕೊಂಡಿದ್ದ. "ಅಯ್ಯೋ ದೇವ್ರೇ. ಹಂಗಾದ್ರೆ ನಾವು ಓಟು ಹಾಕಿದ್ದು ಇವ್ರ ಮೇಲಾ?" ಯಾರೂ ನಗಲಿಲ್ಲ. ನರ್ಸಮ್ಮ ತಾನು ಹೊಗಳಿದ ಧೈರ್ಯವನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತುಬಿಟ್ಟಿದ್ದಳು.

ಕಪ್ಪು ತೊಳೆಯುವ ತೊಟ್ಟಿಯ ಹತ್ತಿರ ನಾನು ಟೈಲರಿಗೆ ಎಲ್ಲವನ್ನೂ ಒಪ್ಪಿಸಿದೆ. ಜ್ವರ, ಅರವತ್ತು, ಹದಿನಾರನೆಯ ಫಾರಂ. ಅವರು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡರು. ಬೈಯಲಿ ಎಂದು ಕಾದೆ.

"ಹದಿನಾರು ಪುಟಾನಾ?" ಎಂದರು. "ತಪ್ಪಾಯ್ತು ಅನ್ನೋ ಒಂದು ಮಾತಿಗೆ?"

"ಅವ್ನು ಹಾಗೇ, ನಿಮಗೆ ಗೊತ್ತಲ್ಲ."

"ಗೊತ್ತು. ಚಿಕ್ಕೋನಿದ್ದಾಗ ನೀರು ಬೇಕು ಅನ್ನೋದಕ್ಕೂ ಪೀಠಿಕೆ ಹಾಕೋನು." ಕಪ್ಪನ್ನು ಬೋರಲಿಟ್ಟರು. "ಕಳ್ಸಿ. ನಾನು ಓದಲ್ಲ, ಅವ್ನೇ ಓದ್ಲಿ. ಬರೆದೋನು ಅವ್ನು, ಬಾಯಿ ನೋಯ್ಲಿ."

ಅವನು ಅಣ್ಣನ ಮನೆಯಲ್ಲೇ ಉಳಿದ. ನಾನೊಬ್ಬನೇ ವಾಪಸು ಬಂದು, ಸೋಮವಾರ ನನ್ನ ಸ್ವಂತ ಪ್ರತಿಯ ಹೊಲಿಗೆ ಬಿಚ್ಚಿ, ಕೊನೆಯ ಫಾರಂ ತೆಗೆದು, ಅವನದೇ ಕಚೇರಿಯ ಪಾರ್ಸೆಲಿನಲ್ಲಿ ಕಳಿಸಿದೆ. ಅವನ ಜಾಗದಲ್ಲಿ ಕೂತಿದ್ದವರು ತೂಗಿ, "ಇದಕ್ಕೆ ತೂಕಾನೇ ಇಲ್ವಲ್ಲ," ಎಂದರು. ಬುಧವಾರ ಅದು ಆ ಮನೆ ಮುಟ್ಟಿತು. ಉಳಿದದ್ದು ನಾನು ಕಂಡದ್ದಲ್ಲ. ಅಣ್ಣ, ಅತ್ತಿಗೆ ಇಬ್ಬರೂ ಹೇಳಿದ್ದು. ಇಪ್ಪತ್ತೆರಡು ವರ್ಷ ಮಾತಿಲ್ಲದೆ ಇದ್ದವರು ಆ ಮೂರು ದಿನ ಮನೆಯಲ್ಲಿ ಬೇರೆ ಯಾರಿಗೂ ಮಾತಾಡಲು ಸಂದು ಕೊಡಲಿಲ್ಲವಂತೆ. "ಉಪ್ಪು ಸಾಕಾ ಅಂತ ಕೇಳೋಕೂ ಕೈ ಎತ್ತಬೇಕಾಗಿತ್ತು ನಾನು," ಎಂದು ಹೇಳುತ್ತ ಅತ್ತಿಗೆ ನಗಲು ಹೋಗಿ ಅತ್ತರು.

ಬದುಕಿನಲ್ಲಿ ಮಾಡದ್ದನ್ನು ಬರವಣಿಗೆಯಲ್ಲಿ ಮಾಡಿ ಮುಗಿಸುವ ಜನ ಇರುತ್ತಾರೆ. ನಾನು ಕಟ್ಟಿದ ಸಾವಿರಾರು ಪುಸ್ತಕಗಳಲ್ಲಿ ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಕಾಗದದ ಮೇಲೆ ಬಾಗಿಲು ತೆಗೆದದ್ದೇ ತೆಗೆದದ್ದೆಂದು ನಂಬಿ ಅವರು ನೆಮ್ಮದಿಯಾಗಿ ಮಲಗುತ್ತಾರೆ. ಇವನಿಗೆ ಆ ನೆಮ್ಮದಿ ಸಿಗಲಿಲ್ಲ. ಸಿಗದ ಹಾಗೆ ನೋಡಿಕೊಂಡವನು ನಾನು, ಅದೂ ಅರಿಯದೆ. ಬರೆದದ್ದು ತಲುಪದೆ ಹೋದಾಗ ಎದ್ದು ನಿಂತು ಬಾಯಿಬಿಟ್ಟು ಹೇಳುವವರು ಅವರಲ್ಲಿ ತೀರ ಕಡಿಮೆ. ಅಷ್ಟು ಕಡಿಮೆಯವರಲ್ಲಿ ಒಬ್ಬನನ್ನು ನಾನು ನನ್ನ ಮೇಜಿನ ಮೂಲೆಯಲ್ಲಿ ಇಪ್ಪತ್ತು ವರ್ಷ ಕೂರಿಸಿಕೊಂಡಿದ್ದೆ ಎಂದು ಗೊತ್ತಾದದ್ದು ಅವನು ಸಾಯುವ ನಾಲ್ಕು ದಿನ ಮುಂಚೆ.

ಆ ಗುರುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಹತ್ತು ಗಂಟೆಗೆ, ಹೊಲಿಗೆಯ ಮೇಜಿನ ಮುಂದೆ ಇಬ್ಬರೂ ಕೂತರಂತೆ. ಅವನು ಓದತೊಡಗಿದ. ತಮ್ಮ ಚಿಲಕ ತೆಗೆಯುತ್ತಾನೆ. ಅಣ್ಣ ಅಷ್ಟರಲ್ಲಿ ಹೊರಟುಹೋಗಿದ್ದಾನೆ. ತಮ್ಮ ಬರಿಗಾಲಲ್ಲಿ ಬೀದಿಗೆ ಓಡಿ, ಬಲಕ್ಕೆ ತಿರುಗಿ, ಸೇತುವೆಯ ಕಡೆ ಹುಡುಕುತ್ತ ಹೋಗುತ್ತಾನೆ. ಮೂರನೆಯ ಪುಟ.

"ನಿಲ್ಸು," ಎಂದರು ಅಣ್ಣ. "ಸೇತುವೆ ಕಡೆ ಯಾಕೆ ಓಡಿಸಿದೀಯ? ನಾನು ಆ ಕಡೆ ಹೋಗ್ಲೇ ಇಲ್ಲ."

"ಮತ್ತೆ?"

"ಎಡಕ್ಕೆ ಹೋದೆ. ಔಷಧಿ ಅಂಗಡಿ ಮೆಟ್ಲ ಮೇಲೆ ಕೂತಿದ್ದೆ."

"ಎಷ್ಟು ಹೊತ್ತು?"

"ಅವ್ರು ಅಂಗಡಿ ಬಾಗಿಲು ಹಾಕೋವರ್ಗೂ. ಬರ್ತೀಯೇನೋ ಅಂತ."

ಅವನು ಬಟ್ಟೆಗೆ ಗುರುತು ಹಾಕುವ ಅಣ್ಣನ ನೀಲಿ ಪೆನ್ಸಿಲನ್ನು ಕೈಗೆ ತೆಗೆದುಕೊಂಡು, ಸೇತುವೆಯ ಸಾಲನ್ನು ಹೊಡೆದುಹಾಕಿ, ಅಂಚಿನ ಬಿಳಿಯಲ್ಲಿ, ತಮ್ಮ ಎಡಕ್ಕೆ ತಿರುಗಿದ, ಔಷಧಿ ಅಂಗಡಿಯ ದೀಪ ಇನ್ನೂ ಉರಿಯುತ್ತಿತ್ತು, ಎಂದು ಬರೆದ.